ಮೂರಡಿ ಏಳಂಗುಲದ ಅವಮಾನ

ಅಮೆರಿಕನ್ ಲೀಗಿನ ಮಾಜಿ ಅಧ್ಯಕ್ಷರಾದ ದಿವಂಗತ ವಿಲ್ ಹ್ಯಾರಿಡ್ಜ್ ಅವರ ಸನ್ನಿಧಿಗೆ,

ಸ್ವಾಮಿ,

1951ರಲ್ಲಿ ಬೇಸ್‌ಬಾಲಿನ ಮಾನ ಕಾಪಾಡಿದ್ದಕ್ಕೆ ತಮಗೊಂದು ನಮಸ್ಕಾರ ಹೇಳುವುದು ಬಾಕಿ ಉಳಿದಿತ್ತು. ತಡವಾಯಿತು, ಕ್ಷಮೆಯಿರಲಿ.

ಆ ವರ್ಷ ತಮ್ಮ ಲೀಗಿನ ಸೇಂಟ್ ಲೂಯಿಸ್ ಬ್ರೌನ್ಸ್ ತಂಡ 52 ಪಂದ್ಯ ಗೆದ್ದು 102 ಸೋತಿತು. ಎಂಟು ತಂಡಗಳಲ್ಲಿ ಎಂಟನೆಯದು. ಮೊದಲ ಸ್ಥಾನದ ಯಾಂಕೀಸ್‌ಗಿಂತ 46 ಪಂದ್ಯ ಹಿಂದೆ. ಸೀಸನ್ನಿಡೀ ಮೈದಾನಕ್ಕೆ ಬಂದವರು ಮೂರು ಲಕ್ಷವೂ ಇಲ್ಲ. ಗೆದ್ದ 52ರಲ್ಲಿ 20 ಚೆಂಡೆಸೆಯುವ ಪಿಚರ್ ನೆಡ್ ಗಾರ್ವರ್ ಒಬ್ಬನ ಖಾತೆಗೆ. ಕೊನೆಯ ದಿನದ ಆ ಇಪ್ಪತ್ತನೆಯ ಗೆಲುವಿಗೆ ಹೋಮ್ ರನ್ನನ್ನೂ ಅವನೇ ಹೊಡೆಯಬೇಕಾಯಿತು. ಅಡುಗೆಯವನೇ ಸೌದೆಯನ್ನೂ ಒಡೆಯುವ ಮದುವೆಮನೆ ಅದು. ಇದ್ಯಾವುದೂ ತಮಗೆ ಅವಮಾನವೆನಿಸಲಿಲ್ಲ. ಸೋಲೆಲ್ಲ ನಿಯಮಬದ್ಧವಾಗಿಯೇ ಇತ್ತಲ್ಲ.

ಆಗಸ್ಟ್ 19, ಭಾನುವಾರ. ಡೆಟ್ರಾಯಿಟ್ ಟೈಗರ್ಸ್ ಜೊತೆ ಒಂದೇ ದಿನ ಎರಡು ಪಂದ್ಯ. ನಡುವಿನ ಬಿಡುವಿನಲ್ಲಿ ಕಾಗದದ ದೊಡ್ಡ ಕೇಕೊಂದು ಮೈದಾನಕ್ಕೆ ಬಂತು. ಒಳಗಿಂದ ಎಡ್ಡಿ ಗೇಡಲ್ ಹೊರಬಂದ. ವಯಸ್ಸು 26, ಎತ್ತರ 3 ಅಡಿ 7 ಅಂಗುಲ, ಬೆನ್ನ ಮೇಲಿನ ಅಂಕಿ 1/8. ತಮಾಷೆ ಅಲ್ಲಿಗೆ ಮುಗಿಯಲಿಲ್ಲ. ಎರಡನೆಯ ಪಂದ್ಯದಲ್ಲಿ ಬ್ರೌನ್ಸ್ ಸರದಿ ಬಂದಾಗ ಫ್ರಾಂಕ್ ಸಾಸಿಯರ್ ಬದಲು ಅವನೇ ಬ್ಯಾಟ್ ಹಿಡಿದು ನಡೆದುಬಂದ. ಇದೇನಿದು ಎಂದು ಅಂಪೈರ್ ಕೇಳಿದರೆ ಮ್ಯಾನೇಜರ್ ಜ್ಯಾಕ್ ಟೇಲರ್ ಕರಾರುಪತ್ರ ತೋರಿಸಿದ. ಕಾಗದವೆಲ್ಲ ಸರಿ. ಮಾಲೀಕ ಬಿಲ್ ವೀಕ್ ಅದನ್ನು ತಮ್ಮ ಕಚೇರಿಗೆ ಶುಕ್ರವಾರ ಹೊತ್ತು ಮೀರಿಸಿ ಕಳಿಸಿದ್ದ. ಸೋಮವಾರದವರೆಗೆ ಯಾರೂ ಬಿಚ್ಚಿ ನೋಡುವುದಿಲ್ಲವೆಂದು ಬಲ್ಲವನು. ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದ ನಮಗೆ ಈ ಜಾಣತನ ಅರ್ಥವಾಗುತ್ತದೆ, ಸ್ವಾಮಿ.

ಕ್ರಿಕೆಟ್ಟಿನವರಿಗಾಗಿ ಒಂದು ಮಾತು: ಆಗ ಬೇಸ್‌ಬಾಲಿನಲ್ಲಿ ಚೆಂಡು ಬ್ಯಾಟುಗಾರನ ಕಂಕುಳಿಗೂ ಮಂಡಿಗೂ ನಡುವೆ ಬರಬೇಕಿತ್ತು. ಹಾಗೆ ಬಾರದ ಎಸೆತ ನಾಲ್ಕಾದರೆ ಅವನು ಬ್ಯಾಟ್ ಬೀಸದೆಯೇ ಮೊದಲ ಬೇಸಿಗೆ ನಡೆದುಹೋಗಬಹುದಿತ್ತು. ಗೇಡಲ್ ಬಗ್ಗಿ ನಿಂತರೆ ಆ ಜಾಗ ಒಂದೂವರೆ ಅಂಗುಲವಂತೆ, ವೀಕ್‌ನ ಲೆಕ್ಕ. ಕ್ಯಾಚರ್ ಬಾಬ್ ಸ್ವಿಫ್ಟ್ ಮಂಡಿಯೂರಿದ. ಟೈಗರ್ಸ್ ಪಿಚರ್ ಬಾಬ್ ಕೇನ್ ಎಸೆದ ನಾಲ್ಕೂ ಚೆಂಡು ಮೇಲಿಂದ ಹಾದುಹೋದವು. ಗೇಡಲ್ ನಡೆದ, ದಾರಿಯಲ್ಲಿ ಎರಡು ಸಲ ನಿಂತು ಜನರಿಗೆ ತಲೆಬಾಗಿದ. ಬ್ರೌನ್ಸ್ ಅಂದೂ ಸೋತಿತು, 6–2.

ಮರುದಿನವೇ ತಾವು ಕರಾರು ರದ್ದು ಮಾಡಿದಿರಿ. ಇದು ಆಟದ ಹಿತಕ್ಕೆ ಒಳ್ಳೆಯದಲ್ಲ ಎಂದಿರಿ. ಎಂಥ ದೂರದೃಷ್ಟಿ! ಹೇಳಿದ ಕೆಲಸವನ್ನು ತಪ್ಪಿಲ್ಲದೆ ಮಾಡಿ ಬರುವವನೊಬ್ಬ ಆ ತಂಡದಲ್ಲಿ ಉಳಿದಿದ್ದರೆ ಮಿಕ್ಕವರ ಗತಿಯೇನು? ಹಾಗಾದರೆ ಯಾಂಕೀಸಿನ ಫಿಲ್ ರಿಜುಟೊ ಗಿಡ್ಡ ಆಟಗಾರನೋ ಉದ್ದನೆಯ ಕುಳ್ಳನೋ, ಅದನ್ನೂ ತೀರ್ಮಾನಿಸಿ ಎಂದು ವೀಕ್ ಕೆಣಕಿದ. ಮಾನ ಎಷ್ಟನೇ ಅಂಗುಲದಿಂದ ಶುರುವಾಗುತ್ತದೆಂದು ತಾವು ಬರೆದಿಟ್ಟು ಹೋಗಬೇಕಿತ್ತು.

ಹಾಗಂತ ವೀಕ್ ಪುಣ್ಯಾತ್ಮನೇನಲ್ಲ. ಗೇಡಲ್‌ಗೆ ಕೊಟ್ಟದ್ದು ನೂರು ಡಾಲರ್. ಬ್ಯಾಟ್ ಬೀಸಿದರೆ ಚಾವಣಿಯ ಮೇಲಿಂದ ಗುಂಡು ಬೀಳುತ್ತದೆಂದು ಹೆದರಿಸಿದ್ದನಂತೆ. ಐದು ದಿನ ಬಿಟ್ಟು ಸಾವಿರಕ್ಕೂ ಹೆಚ್ಚು ಪ್ರೇಕ್ಷಕರ ಕೈಗೆ ‘ಹೌದು’, ‘ಬೇಡ’ ಫಲಕ ಕೊಟ್ಟು ತಂಡ ನಡೆಸಲು ಹೇಳಿದ. ಟೇಲರ್ ತೂಗುಕುರ್ಚಿಯಲ್ಲಿ ಕಾಲುಚಾಚಿ ಕೂತ. ಬ್ರೌನ್ಸ್ ಗೆದ್ದಿತು, 5–3. ಮ್ಯಾನೇಜರ್ ಸುಮ್ಮನೆ ಕೂತರೆ ತಂಡ ಗೆಲ್ಲುತ್ತದೆಂಬ ಈ ಗುಟ್ಟು ಹೊರಬಿದ್ದದ್ದು ಆಟದ ಹಿತಕ್ಕೆ ಒಳ್ಳೆಯದಾಗಿತ್ತೇ, ಸ್ವಾಮಿ?

1953ರ ಸೀಸನ್ ಮುಗಿದ ಮೇಲೆ ಬ್ರೌನ್ಸ್ ಹೆಸರು ಬಿಟ್ಟು, ಊರು ಬಿಟ್ಟು ಬಾಲ್ಟಿಮೋರಿಗೆ ಹೋಯಿತು. 1972ರಲ್ಲಿ ತಮಗೆ ಹಾಲ್ ಆಫ್ ಫೇಮ್ ಗೌರವ ಸಂದಿತು. ಗೇಡಲ್ 1961ರಲ್ಲೇ ತೀರಿಕೊಂಡಿದ್ದ, 36ನೆಯ ವಯಸ್ಸಿಗೆ. ಬೇಸ್‌ಬಾಲಿನ ಕಡೆಯಿಂದ ಅವನ ಮಣ್ಣಿಗೆ ಬಂದವನು ಒಬ್ಬನೇ, ಬಾಬ್ ಕೇನ್. ಪರಿಚಯವೂ ಇರಲಿಲ್ಲ. ನಾಲ್ಕು ಚೆಂಡು ಎಸೆದಿದ್ದ, ಅಷ್ಟೆ.

ಇಂತಿ ತಮ್ಮ ವಿಧೇಯ,
5 ಅಡಿ 2 ಅಂಗುಲ