ಕಳೆಯುವ ಲೆಕ್ಕ

ಜೆ.ಸಿ. ರಸ್ತೆಗೆ ಹೋದದ್ದು ಬೈಕಿಗೆ ಕನ್ನಡಿ ಕೊಳ್ಳಲು. ಅಂಗಡಿಯಲ್ಲಿ ನೇತುಬಿದ್ದಿದ್ದ ಜೋಡಿ ಶಾಕ್ ಅಬ್ಸಾರ್ಬರು, ಪಕ್ಕಕ್ಕೆ ಹೊನ್ನಿನ ಬಣ್ಣದ ಗ್ಯಾಸ್ ಡಬ್ಬಿ ಬೇರೆ, ನನ್ನನ್ನು ಅಲ್ಲೇ ನಿಲ್ಲಿಸಿಬಿಟ್ಟವು. ಡಬ್ಬಿಯೊಳಗಿನ ನೈಟ್ರೋಜನ್ ಎಣ್ಣೆಯನ್ನು ಒತ್ತಿಹಿಡಿದು ನೊರೆಯೇಳದಂತೆ ಕಾಯುತ್ತದೆ. ನನ್ನ ನಿತ್ಯಯಾತ್ರೆ ಬನಶಂಕರಿಯಿಂದ ಜಯನಗರಕ್ಕೆ. ಅಷ್ಟರಲ್ಲಿ ಎಣ್ಣೆ ನೊರೆಯೇಳುವುದಿರಲಿ, ಬೆಚ್ಚಗಾಗುವುದೂ ಅನುಮಾನ. ಆದರೂ ಬೆಲೆ ಕೇಳಿದೆ. ಕೇಳಿದ ಮೇಲೆ ಸರಳ ಜೀವನದ ಬಗ್ಗೆ ಗೌರವ ಹುಟ್ಟಿತು.

“ಒಂದಿಂಚು ಉದ್ದದ್ದು ಹಾಕ್ಸಿ ಸಾರ್, ಲುಕ್ ಬರತ್ತೆ” ಅಂದ ಹುಡುಗ. ಲುಕ್ಕೇನೋ ಬರುತ್ತದೆ, ಸೆಂಟರ್ ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲ ಬಿಡುವುದಿಲ್ಲ, ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಇನ್ನಷ್ಟು ವಾಲುತ್ತದೆ. ಇದ್ದುದನ್ನೇ ಹದ ಮಾಡಿಕೊಳ್ಳೋಣವೆಂದು ಒಂದು ಸಿ-ಸ್ಪ್ಯಾನರ್ ಕೊಂಡು ಬಂದೆ.

ನನ್ನದು ಹಳೆಯ ಕ್ಲಾಸಿಕ್ 350. ಸ್ಪ್ರಿಂಗಿನ ಬುಡದ ಬಳೆ ತಿರುಗಿಸಲು ಐದು ಮೆಟ್ಟಿಲು. “ಹಾರ್ಡ್ ಮಾಡ್ಲಾ ಸಾರ್?” ಎಂದು ಮೆಕ್ಯಾನಿಕ್‌ಗಳು ಕೇಳುವುದು ಇದನ್ನೇ. ನಿಜಕ್ಕೂ ಬಳೆ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಹೊತ್ತ ಭಾರಕ್ಕೆ ಗಾಡಿ ಎಷ್ಟು ಕುಸಿದು ನಿಲ್ಲಬೇಕೆಂಬುದು ಬದಲಾಗುತ್ತದೆ, ಅಷ್ಟೇ. ಚಕ್ರಕ್ಕಿರುವ 80 ಮಿಲಿಮೀಟರ್ ಓಡಾಟದಲ್ಲಿ ಮೂರನೇ ಒಂದು ಪಾಲು ಕುಸಿದರೆ ಹದ. ಇದನ್ನು ಹೇಳಹೋದರೆ ಮೆಕ್ಯಾನಿಕ್ ನನ್ನನ್ನು ಪಾಪ ಅನ್ನುವಂತೆ ನೋಡುತ್ತಾನೆ.

ಆದ್ದರಿಂದ ಅಳತೆ ನಾನೇ ತೆಗೆಯಬೇಕಾಯಿತು. ಅಪಾರ್ಟ್‌ಮೆಂಟಿನ ಪಾರ್ಕಿಂಗು, ಭಾನುವಾರದ ಸಂಜೆ; ರಿಸೆಪ್ಷನ್ನಿಗೆ ಹೊರಟ ಹೆಂಡತಿ ಮೈಸೂರು ಸಿಲ್ಕಿನಲ್ಲಿ. ಕೈಗೆ ಸಿಕ್ಕ ಟೈಲರ್ ಟೇಪಿನ ಒಂದು ತುದಿಯನ್ನು ವಾಚ್‌ಮನ್‌ಗೆ ಕೊಟ್ಟು ಆಕ್ಸಲ್ ಹತ್ತಿರ ಕುಕ್ಕರುಗಾಲಲ್ಲಿ ಕೂರಿಸಿದೆ. ಮೊದಲು ಚಕ್ರ ಗಾಳಿಯಲ್ಲಿದ್ದಾಗ ಆಕ್ಸಲಿನಿಂದ ಮಡ್‌ಗಾರ್ಡಿನ ಗುರುತಿನವರೆಗೆ. ಆಮೇಲೆ ನಾನೊಬ್ಬನೇ ಕೂತು: 18 ಮಿಲಿಮೀಟರ್ ಕುಸಿತ. ಆಮೇಲೆ, “ಸ್ವಲ್ಪ ಕೂತ್ಕೋ.”

ಕೂತಳು, ಒಂದು ಪಕ್ಕಕ್ಕೆ, ಸೆರಗು ಒಟ್ಟುಮಾಡಿಕೊಂಡು.

“ಅಲ್ಲಾಡಬೇಡ. ಉಸಿರು ಬಿಡು. ಪರ್ಸೂ ತೊಡೆ ಮೇಲಿಟ್ಕೋ, ಅದೂ ಲೆಕ್ಕಕ್ಕೆ ಬರಬೇಕು.”

“38!” ಎಂದು ಕೂಗಿದ ವಾಚ್‌ಮನ್. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಯಾರೋ ಬಗ್ಗಿ ನೋಡಿದರು. ನಾನು ಚೀಟಿಯಲ್ಲಿ ಬರೆದುಕೊಂಡೆ. ಹಿಂದಿನಿಂದ ಸದ್ದಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳ ಮೌನ ಅದು.

“38ರಲ್ಲಿ 18 ಕಳೆದರೆ ಏನು ಬರತ್ತೆ ಅಂತ ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ?”

“ಅದು ಸ್ಪ್ರಿಂಗಿಂದು ಕಣೇ.”

“ಇಳೀರಿ. ಈಗ ನೀವು ಹಿಂದೆ ಕೂತ್ಕೊಳ್ಳಿ, ನಾನು ಮುಂದೆ.”

ವಾಚ್‌ಮನ್ ಮತ್ತೆ ಕುಕ್ಕರಿಸಿದ. 44. ಮುಖದಲ್ಲಿ ಏನನ್ನೂ ತೋರಿಸದೆ ಅವಳೇ ಅದನ್ನು ಚೀಟಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು. ರಿಸೆಪ್ಷನ್ನಿಗೆ ತಡವಾಗಿ ತಲುಪಿ, ಹೋಳಿಗೆ ಮುಗಿದ ಪಂಕ್ತಿಯಲ್ಲಿ ಕೂತೆವು.

ಗಾಡಿಯಲ್ಲಿ ವಾಪಸು ಬರುವಾಗ ಮಾತ್ರ ಒಂದು ವಿಷಯ ಹೊಳೆಯಿತು. ಹಂಪ್ ಕಂಡರೆ ನಾನು ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಒಂದಿಷ್ಟು ಮೇಲೇಳುತ್ತೇನೆ. ಹಿಂದೆ ಕೂತವಳಿಗೆ ಕಾಣುವುದು ನನ್ನ ಬೆನ್ನು. ಕೂತಿರುವುದೋ ಹೆಚ್ಚುಕಡಿಮೆ ಹಿಂದಿನ ಚಕ್ರದ ನೆತ್ತಿಯ ಮೇಲೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಲೆಕ್ಕದ ಹಂಪು 3.7 ಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರ, 25 ಕಿಲೋಮೀಟರ್ ವೇಗದಲ್ಲಿ ದಾಟುವಂಥದ್ದು. ನಮ್ಮ ಬೀದಿಯಲ್ಲಿ ಯಾರೋ ರಾತ್ರೋರಾತ್ರಿ ಡಾಂಬರು ಸುರಿದು ಎಬ್ಬಿಸಿರುವುದು ಬರೀ ಗೋಡೆ, ಬಳಿದ ಬಣ್ಣವೂ ಇಲ್ಲ. ಒಂದು ಪಕ್ಕಕ್ಕೆ ಕೂತು ಎಗರಿಬಿದ್ದ ಹೆಂಗಸರ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ. ಅವರ್‍ಯಾರಿಗೂ ಹಂಪ್ ಬರುತ್ತಿದೆ ಎಂದು ಮುಂದಿದ್ದವನು ಹೇಳಿರಲಿಕ್ಕಿಲ್ಲ. ನಾನೂ ಹೇಳುತ್ತಿರಲಿಲ್ಲ. ಅವತ್ತು “ಹಂಪು” ಎಂದು ಕೂಗುತ್ತಲೇ ಮನೆ ಸೇರಿದೆ. ಕಡೆಕಡೆಗೆ ಅವಳು “ಸಾಕ್ರೀ, ಜನ ನೋಡ್ತಿದಾರೆ” ಅಂದಳು.

ಮರುದಿನ ಬೆಳಗ್ಗೆ ಬಳೆಯನ್ನು ಅವಳ ಲೆಕ್ಕಕ್ಕೆ ಮೂರನೇ ಮೆಟ್ಟಿಲಿಗೆ ಏರಿಸಿದೆ. ಡಬಲ್ಸ್ ಹೋಗುವಾಗ ಗಾಡಿ ಈಗ ತೇಲುತ್ತದೆ. ಒಬ್ಬನೇ ಹೋದರೆ ಹಿಂಬದಿ ಕುಸಿಯುವುದೇ ಇಲ್ಲ. ಒಂದೊಂದು ಗುಂಡಿಯೂ ಸೊಂಟಕ್ಕೆ ಬಂದು ವರದಿ ಒಪ್ಪಿಸುತ್ತದೆ. ದಿನಾ ಸ್ಪ್ಯಾನರ್ ಹಿಡಿದು ಬಗ್ಗುವ ವಯಸ್ಸಲ್ಲ. ಹಾಗಾಗಿ ಬೆಳಗ್ಗೆ ಬನಶಂಕರಿ ಬಸ್ ಸ್ಟಾಪಿನ ಬಳಿ ನಿಧಾನ ಮಾಡುತ್ತೇನೆ. ಸಣಕಲು ಹುಡುಗರು ಕೈ ತೋರಿಸಿದರೂ ಕಾಣದವನಂತೆ ದಾಟಿ, ಒಳ್ಳೆ ಮೈಕಟ್ಟಿನ ಹಿರಿಯರ ಪಕ್ಕ ನಿಲ್ಲಿಸಿ, “ಜಯನಗರದ ಕಡೆಗಾ ಸಾರ್? ಬನ್ನಿ, ಕೂತ್ಕೊಳ್ಳಿ” ಎನ್ನುತ್ತೇನೆ.