ಸೋಪಾನಕಾಷ್ಠ ಮೀಮಾಂಸೆ

ಗೃಹಪ್ರವೇಶದ ಮುಹೂರ್ತ ಗೊತ್ತಾದ ಮೇಲಷ್ಟೇ ಮರ ತರಿಸುವ ಸಮಸ್ತ ಯಜಮಾನರಿಗೆ ವಂದಿಸಿ, ಇನ್ನೂ ಪಾಲಿಶ್ ಕಾಣದ ತೇಗದ ಮೆಟ್ಟಿಲು ಹಲಗೆ, ಕಡೆದ ಕಂಬ, ಹ್ಯಾಂಡ್‌ರೇಲುಗಳ ಶುಶ್ರೂಷೆಯನ್ನು ಕುರಿತ ಈ ಶಾಸ್ತ್ರವನ್ನು ಆರಂಭಿಸುತ್ತೇವೆ. ಸೂತ್ರವೂ ನಮ್ಮದೇ, ಭಾಷ್ಯವೂ ನಮ್ಮದೇ. ಆದಕಾರಣ ಭಿನ್ನಮತಕ್ಕೆ ಎಡೆಯಿಲ್ಲ.

ಸೂತ್ರ 1: ಮರ ಉಸಿರಾಡುತ್ತದೆ, ಯಜಮಾನ ನಿಟ್ಟುಸಿರಾಡುತ್ತಾನೆ.

ಭಾಷ್ಯ: ಕೊಯ್ದು ಒಣಗಿಸಿದ ಮಾತ್ರಕ್ಕೆ ಮರ ಸಂನ್ಯಾಸ ಸ್ವೀಕರಿಸಿತೆಂದು ತಿಳಿಯತಕ್ಕದ್ದಲ್ಲ. ಗಾಳಿಯೊಡನೆ ಅದರ ತೇವದ ಲೇವಾದೇವಿ ನಡೆದೇ ಇರುತ್ತದೆ. ತೇವಾಂಶ ಸುಮಾರು ಶೇ. 30ಕ್ಕಿಂತ ಕೆಳಗೆ ಇಳಿದಂತೆಲ್ಲ ಮರ ಕುಗ್ಗುತ್ತದೆ, ಮತ್ತೆ ಏರಿದರೆ ಹಿಗ್ಗುತ್ತದೆ. ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಸುಮಾರು ಎರಡು ಪಟ್ಟು. ಉದ್ದಕ್ಕೆ ಮಾತ್ರ ಹೆಚ್ಚುಕಡಿಮೆ ನಿರ್ವಿಕಾರ. ಈ ಪಕ್ಷಪಾತದ ಫಲವೇ ಡೊಂಕು.

ಪೂರ್ವಪಕ್ಷ: "ಈಗಷ್ಟೇ ಗಾರೆ ಮುಗಿದ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟರಾಯಿತು" ಎಂಬುದು ಮೇಸ್ತ್ರಿ ಪಂಥ. ಅದು ಅಸಾಧು. ಹಸಿ ಗಾರೆ ಬಿಟ್ಟ ನೀರನ್ನು ಕುಡಿಯಲು ತೇಗ ತಯಾರಾಗಿಯೇ ನಿಂತಿರುತ್ತದೆ; ಒರಗಿದ ಹ್ಯಾಂಡ್‌ರೇಲು ತನ್ನ ಭಾರಕ್ಕೆ ತಾನೇ ಬಾಗುತ್ತದೆ. "ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತೋಣ" ಎಂಬ ಟಾರ್ಪಾಲು ಪಂಥವೂ ಖಂಡನೀಯ. ಒಳಗೆ ಸಿಕ್ಕಿಬಿದ್ದ ತೇವ ಬೂಷ್ಟಿಗೆ ಅನ್ನಸಂತರ್ಪಣೆ ಮಾಡುತ್ತದೆ.

ಸಿದ್ಧಾಂತ: ಗಾರೆ ಒಣಗಿ, ಕಿಟಕಿಗೆ ಗಾಜು ಬಂದ ಮೇಲೆಯೇ ಮರ ಒಳಗೆ. ನೆಲದಿಂದ ಎತ್ತರಿಸಿ, ಮಟ್ಟಸವಾಗಿ ಮಲಗಿಸಿ, ಪದರಪದರಕ್ಕೂ ಒಂದೇ ದಪ್ಪದ ಅಡ್ಡಪಟ್ಟಿ ಕೊಡಬೇಕು. ಮೇಲಿನ ಪಟ್ಟಿ ಕೆಳಗಿನದರ ನೇರಕ್ಕೇ ಬರಬೇಕು. ಕೊಯ್ದ ತುದಿಗಳಿಗೆ ಮೇಣ ಬಳಿಯಬೇಕು, ತೇವದ ಹೆಬ್ಬಾಗಿಲು ಅದೇ. ಬಳಿಕ ಮರ ಆ ಮನೆಯ ಗಾಳಿಗೆ ಹೊಂದುವವರೆಗೆ ಕಾಯಬೇಕು. ಕರಾವಳಿಯ ಜಡಿಮಳೆಯ ಆಷಾಢದಲ್ಲಿ ಗೃಹಪ್ರವೇಶಕ್ಕೆ ಮುಹೂರ್ತವಿಲ್ಲದಿರುವುದು ನಮ್ಮ ಸಿದ್ಧಾಂತಕ್ಕೆ ಪಂಚಾಂಗ ನೀಡಿದ ಏಕೈಕ ಬೆಂಬಲ.

ಸೂತ್ರ 2: ಮುಟ್ಟಬೇಡಿರಿ.

ಭಾಷ್ಯ: ಮನೆ ನೋಡಲು ಬಂದ ನೆಂಟರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಸವರುತ್ತಾರೆ. ಬೆವರು ಮತ್ತು ಚಕ್ಕುಲಿಯ ಜಿಡ್ಡು ಬರಿಮರದಲ್ಲಿ ಅಗೋಚರ. ಪಾಲಿಶ್ ಬಿದ್ದೊಡನೆ ಪ್ರತ್ಯಕ್ಷ. ಧೂಳು ಬೀಳದಿರಲೆಂದು ಅರ್ಧಕ್ಕೆ ಹಾಸಿದ ದಿನಪತ್ರಿಕೆ ಇನ್ನೂ ಅಪಾಯಕಾರಿ. ತೆರೆದ ಭಾಗ ಬೆಳಕಿಗೆ ಬಣ್ಣ ತಿರುಗಿ, ಮುಚ್ಚಿದ ಭಾಗ ಹಾಗೆಯೇ ಉಳಿದು, ಸುದ್ದಿ ಹಳತಾದರೂ ಪತ್ರಿಕೆಯ ಚೌಕ ಹಲಗೆಯ ಮೇಲೆ ಪ್ರಕಟವಾಗುತ್ತಲೇ ಇರುತ್ತದೆ. ಒದ್ದೆ ಹಲಗೆಯ ಮೇಲೆ ಕಬ್ಬಿಣದ ಮೊಳೆ ಮರೆತರೆ ಕಪ್ಪು ಕಲೆ. ಹಲಗೆಯನ್ನು ಊಟದ ಬೆಂಚು ಮಾಡಿಕೊಂಡವರಿಗೆ ಪ್ರಾಯಶ್ಚಿತ್ತ: ಕೈಯಲ್ಲೇ ಉಪ್ಪುಕಾಗದ ತಿಕ್ಕುವುದು.

ಫಲಶ್ರುತಿ: ಇದನ್ನು ಪಠಿಸಿದವನು ಕೂರಿಸುವ ಮೊದಲೇ ಹಲಗೆಯ ಅಡಿಮೈಗೂ ಪಾಲಿಶ್ ಹಚ್ಚಿಸುತ್ತಾನೆ. ಪಠಿಸದವನು ಕಣ್ಣಿಗೆ ಕಾಣುವ ಮೇಲ್ಮೈಗೆ ಮಾತ್ರ ಹಚ್ಚಿಸಿ, ಮಳೆಗಾಲದಲ್ಲಿ ಅಡಿಯಿಂದ ತೇವ ಕುಡಿದು ಬಟ್ಟಲಾದ ಮೆಟ್ಟಿಲುಗಳನ್ನು ಮುಚ್ಚಲು ಜಮಖಾನ ಕೊಳ್ಳುತ್ತಾನೆ. ಜಮಖಾನದ ಶಾಸ್ತ್ರ ಬೇರೆ, ಅದರ ದಕ್ಷಿಣೆಯೂ ಬೇರೆ.