ಓಡಿಹೋಗುವ ಕಿಟಕಿ

ಹಾಸನದ ನಮ್ಮ ಮನೆಯ ಕಿಟಕಿಗಳಿಗೆ ಅರ್ಧ ಇಂಚಿನ ಸರಳು. ಸಾಲದ್ದಕ್ಕೆ ಗ್ರಿಲ್ಲು, ಅದರಾಚೆ ಸೊಳ್ಳೆ ಜಾಲರಿ. ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದವರು. ಮೂರು ವರ್ಷದ ನನ್ನ ತಲೆಯನ್ನೇ ಅಳತೆಗೋಲು ಮಾಡಿಕೊಂಡು ಸರಳುಗಳ ಅಂತರ ನಿಗದಿ ಮಾಡಿದ್ದರಂತೆ. ಎಂಥ ಬಡಕಲು ಕಳ್ಳನಾದರೂ ಅವನ ತಲೆ ನನ್ನದಕ್ಕಿಂತ ದೊಡ್ಡದಿರಲೇಬೇಕು ಎಂಬುದು ಅವರ ಲೆಕ್ಕ. ಕಿಟಕಿ ಇರುವುದು ಗಾಳಿ ಬರಲು, ಕಳ್ಳ ಬಾರದಿರಲು. ಮನುಷ್ಯರು ಓಡಾಡಲು ಬಾಗಿಲಿದೆಯಲ್ಲ. ಈ ತಿಳಿವಳಿಕೆಯನ್ನೇ ಕಟ್ಟಿಕೊಂಡು ಬಂದು ನಾನು ಶಿಕಾಗೋದ ಉಪನಗರವೊಂದರಲ್ಲಿ ಮನೆ ಕೊಂಡಿದ್ದೆ.

ಅಪ್ಪ ಅಮ್ಮ ಆರು ತಿಂಗಳಿಗೆ ಬರುವವರಿದ್ದರು. ಅಪ್ಪ ಬೆಳಗಿನ ನಾಲ್ಕಕ್ಕೆ ಎದ್ದು ಸುಪ್ರಭಾತ ಹಾಕುವವರು, ಅದೂ ದೇವರಿಗೆ ಕಿವಿ ಮಂದ ಎಂಬ ಅನುಮಾನವಿರುವಷ್ಟು ಜೋರಾಗಿ. ಬೇಸ್‌ಮೆಂಟಿನಲ್ಲಿ ಅವರಿಗೊಂದು ಮಲಗುವ ಕೋಣೆ ಕಟ್ಟಿಸಿಬಿಡೋಣ ಎಂದುಕೊಂಡೆ. ಅಲ್ಲಿದ್ದದ್ದು ಸೂರಿಗಂಟಿದ ಒಂದು ಕಿಟಕಿ. ಬೆಕ್ಕು ಕೂಡ ಹೊಟ್ಟೆ ಎಳೆದುಕೊಂಡೇ ತೂರಬೇಕು.

ಕಂಟ್ರಾಕ್ಟರ್ ನೋಡಿದವನೇ ತಲೆ ಅಲ್ಲಾಡಿಸಿದ. ಮಲಗುವ ಕೋಣೆ ಎಂದರೆ ಬೆಂಕಿ ಬಿದ್ದಾಗ ಪಾರಾಗುವ ಕಿಟಕಿ ಇರಲೇಬೇಕು, ಇಲ್ಲದಿದ್ದರೆ ಪರ್ಮಿಟ್ ಸಿಗದು. ಆಮೇಲೆ ದನಿ ತಗ್ಗಿಸಿ, "ಪ್ಲಾನಿನಲ್ಲಿ ಆಫೀಸ್ ರೂಮ್ ಅಂತ ಬರೆಸಿಬಿಡಿ" ಎಂದ. ಅಂದರೆ ಅದೇ ಕೋಣೆಯಲ್ಲಿ ಅಪ್ಪ ಎಚ್ಚರವಿದ್ದರೆ ಸಕ್ರಮ, ನಿದ್ದೆ ಹತ್ತಿದರೆ ಅಕ್ರಮ! ಫೋನಿನಲ್ಲಿ ಹೇಳಿದಾಗ ಅಪ್ಪ ಖುಷಿಪಟ್ಟರು. "ನಾನು ಸರ್ವೀಸಿನಲ್ಲಿದ್ದಾಗ ಆಫೀಸಿನಲ್ಲೇ ನಿದ್ದೆ ಮಾಡ್ತಿದ್ದೆ ಕಣೋ, ಅಭ್ಯಾಸ ಇದೆ" ಎಂದರು. ನನ್ನ ಹೆಂಡತಿ ಮಾತ್ರ ಒಪ್ಪಲಿಲ್ಲ. "ಅಲ್ಲಿ ಮಲಗೋರು ನಿಮ್ಮ ಅಪ್ಪ ಅಮ್ಮ. ನೆನಪಿರಲಿ" ಎಂದಳು. ಅಲ್ಲಿಗೆ ಆಫೀಸು ಮುಚ್ಚಿತು.

ನಿಯಮ ಓದಲು ಕೂತೆ. ತೆರೆದ ಕಿಟಕಿಯ ಕಿಂಡಿ ಕನಿಷ್ಠ 20 ಇಂಚು ಅಗಲ, ಕನಿಷ್ಠ 24 ಇಂಚು ಎತ್ತರ ಇರಬೇಕು. ಸರಿ, 20ಕ್ಕೆ 24ರ ಕಿಟಕಿ ಹಾಕಿಸಿದರಾಯಿತು ಎಂದು ಪುಸ್ತಕ ಮುಚ್ಚುವವನಿದ್ದೆ. ಮುಂದಿನ ಸಾಲು ಹೇಳಿತು: ಒಟ್ಟು ಕಿಂಡಿ 5 ಚದರ ಅಡಿಗೆ ಕಮ್ಮಿ ಇರಕೂಡದು. ಗುಣಿಸಿ ನೋಡಿದರೆ 20ಕ್ಕೆ 24ರದ್ದು ಮೂರೂಕಾಲಡಿಯ ಆಸುಪಾಸಿನಲ್ಲೇ ಏದುಸಿರು ಬಿಡುತ್ತದೆ. ಅಗಲ 20 ಇಟ್ಟುಕೊಂಡರೆ ಎತ್ತರ 36 ಮುಟ್ಟಬೇಕು. ಎತ್ತರ 24 ಇಟ್ಟುಕೊಂಡರೆ ಅಗಲ 30 ಮುಟ್ಟಬೇಕು. ಎರಡು ಪೇಪರಿನಲ್ಲೂ 35 ತೆಗೆದು ಪಾಸಾದವನನ್ನು ಅಗ್ರಿಗೇಟಿನಲ್ಲಿ ಫೇಲು ಮಾಡಿದ ಹಾಗೆ. ಇದನ್ನು ಬರೆದವನು ಹಿಂದಿನ ಜನ್ಮದಲ್ಲಿ ನಮ್ಮ ಹೈಸ್ಕೂಲಿನ ಲೆಕ್ಕದ ಮೇಷ್ಟ್ರೇ ಇರಬೇಕು. ಅದೂ ಗಾಜಿನ ಅಳತೆಯಲ್ಲ, ತೆರೆದಾಗ ನಿಜವಾಗಿ ಸಿಗುವ ಜಾಗದ ಅಳತೆ. ಪಕ್ಕಕ್ಕೆ ಸರಿಸುವ ಕಿಟಕಿಯಾದರೆ ಅರ್ಧ ಜಾಗ ಅದರದ್ದೇ ಇನ್ನೊಂದು ಬಾಗಿಲು ತಿಂದುಬಿಡುತ್ತದೆ. ಹಾಗಾಗಿ ಬಾಗಿಲಿನಂತೆ ಪೂರ್ತಿ ತೆರೆದುಕೊಳ್ಳುವಂಥದ್ದನ್ನೇ ಆರಿಸಿದೆವು.

ಕಿಂಡಿಯ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು ಎಂದೂ ಇತ್ತು. ಅಮ್ಮನ ಎತ್ತರ ನಾಲ್ಕಡಿ ಹತ್ತಿಂಚು. 44 ಇಂಚೆಂದರೆ ಅವಳ ಎದೆಮಟ್ಟ. ಬೆಂಕಿ ಬಿದ್ದಾಗ ಅಷ್ಟೆತ್ತರ ಹತ್ತುವುದಿರಲಿ, ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಗೂ ಅವಳು ನನ್ನನ್ನೇ ಕೂಗುವವಳು. ಹೀಗಾಗಿ ಇನ್ನಷ್ಟು ಕೆಳಗಿಳಿಸಲು ಹೇಳಿದೆ. ಕಾಂಕ್ರೀಟ್ ಗೋಡೆಯನ್ನು ಗರಗಸದಲ್ಲಿ ಕೊಯ್ಯುವ ಸದ್ದಿಗೆ ಮನೆ ಗಡಗಡ ನಡುಗಿತು. ಬಿಲ್ಲು ನೋಡಿ ನಾನು.

ಅಗ್ಗದ ಟಿಕೆಟ್ ಸಿಕ್ಕಿತೆಂದು ಅಪ್ಪ ಅಮ್ಮ ತಿಂಗಳು ಮೊದಲೇ, ಗೋಡೆ ಕೊಯ್ಯುವುದಕ್ಕೂ ಮುಂಚೆ, ಬಂದಿಳಿದಿದ್ದರು. ಅಪ್ಪ ಟೇಪು ಹಿಡಿದು ಕೆಲಸದ ಉಸ್ತುವಾರಿಗೆ ನಿಂತರೆ, ಅಮ್ಮ ಅಂಗಳದಲ್ಲಿ ನಿಂತು ಹುಲ್ಲಿನ ಮೇಲೆ ಬಳಿದಿದ್ದ ಹಳದಿ, ಕೆಂಪು, ನೀಲಿ ಗೆರೆಗಳನ್ನು ನೋಡಿ ಮುಖ ಸಿಂಡರಿಸಿದಳು. "ಯಾರೋ ಇದು, ಚುಕ್ಕಿ ಇಡದೆ ರಂಗೋಲಿ ಎಳೆದಿರೋದು?" ನೆಲ ಅಗೆಯುವ ಮೊದಲು 811ಕ್ಕೆ ಫೋನ್ ಮಾಡಬೇಕು, ಆಗ ಬಂದು ಗ್ಯಾಸಿನ ಕೊಳವೆ ಎಲ್ಲಿ, ಕರೆಂಟು ಎಲ್ಲಿ, ನೀರು ಎಲ್ಲಿ ಎಂದು ಬಣ್ಣ ಬಳಿದು ಹೋಗುತ್ತಾರೆ ಎಂದು ವಿವರಿಸಿದೆ. "ಕಿಟಕಿ ಇಡೋಕೆ ನೆಲ ಯಾಕೆ ಅಗೀಬೇಕು?" ಎಂದಳು.

ಕೋಣೆ ನೆಲದೊಳಗಿದೆಯಲ್ಲ! ಕಿಟಕಿಯಿಂದ ಹೊರಬಿದ್ದವನು ಮಣ್ಣಿಗೆ ಡಿಕ್ಕಿ ಹೊಡೆಯದಿರಲು ಹೊರಗೊಂದು ಗುಂಡಿ ಬೇಕು. ಇಲ್ಲಿನವರು ಅದನ್ನು ಬಾವಿ ಎಂದೇ ಕರೆಯುತ್ತಾರೆ. ಕನಿಷ್ಠ 9 ಚದರ ಅಡಿ, ಉದ್ದಕ್ಕೂ ಅಗಲಕ್ಕೂ 36 ಇಂಚಿಗೆ ಕಮ್ಮಿಯಿಲ್ಲ; ಆಳ 44 ಇಂಚು ದಾಟಿದರೆ ಕದಲದ ಏಣಿ. ಬಾವಿ ಎಂದ ಕೂಡಲೇ ಅಮ್ಮ ಅರಿಶಿನ ಕುಂಕುಮ ತಂದು ಗಂಗೆಪೂಜೆ ಮಾಡಿಬಿಟ್ಟಳು. ನೀರು ನಿಲ್ಲದಿರಲೆಂದು ಜಲ್ಲಿ, ಕೊಳವೆಗೆ ನಾನು ಬೇರೆ ದುಡ್ಡು ಸುರಿದಿದ್ದೆ. ಬಾವಿ ತೋಡಿಸಿ, ಒಂದು ಹನಿ ನೀರೂ ಬರದಿರಲಪ್ಪ ಎಂದು ಹರಕೆ ಹೊತ್ತವನು ನಮ್ಮ ವಂಶದಲ್ಲಿ ನಾನೇ ಮೊದಲಿಗ.

ಮಾರನೆಯ ವಾರ ನೋಡುತ್ತೇನೆ, ಏಣಿಯ ಮೆಟ್ಟಿಲಿಗೊಂದರಂತೆ ಕೊತ್ತಂಬರಿ ಕುಂಡಗಳು! "ಬಿಸಿಲು ಚೆನ್ನಾಗಿ ಬೀಳತ್ತೆ ಕಣೋ." ದಾರಿಗೆ ಏನೂ ಅಡ್ಡ ಇರಕೂಡದಮ್ಮ ಎಂದರೆ, "ಬೆಂಕಿ ಬಿದ್ದ ದಿನ ತೆಗೆದರಾಯ್ತು" ಎಂದಳು. ಅವಳನ್ನು ಒಪ್ಪಿಸಲು ನನ್ನಿಂದಾಗಲಿಲ್ಲ. ಒಂದು ರಾತ್ರಿ ಬಾವಿಗೆ ಬಿದ್ದ ಮೊಲ ಒಪ್ಪಿಸಿತು. ಬೆಳಿಗ್ಗೆ ಕೆಳಗಿನ ಎರಡು ಕುಂಡ ನುಣ್ಣಗಾಗಿದ್ದವು. ಉಳಿದವನ್ನು ಅಮ್ಮ ತಾನೇ ಮೇಲಕ್ಕೆ ಸಾಗಿಸಿದಳು.

ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಆಜಾನುಬಾಹು. ಅಳೆದ, ಬೀಗದ ಕೈಯಾಗಲಿ ಸಲಕರಣೆಯಾಗಲಿ ಇಲ್ಲದೆ ತೆರೆಯುತ್ತದೆಯೇ ಎಂದು ನೋಡಿದ. ಅಪ್ಪನಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಪಂಚೆ ಮೇಲೆ ಕಟ್ಟಿ, 76ನೇ ವಯಸ್ಸಿನಲ್ಲಿ, ನಾವು ಹಾಂ ಹಾಂ ಎನ್ನುವಷ್ಟರಲ್ಲಿ ಕಿಟಕಿ ಹತ್ತಿ, ಬಾವಿಗಿಳಿದು, ಏಣಿ ಏರಿ ಹುಲ್ಲಿನ ಮೇಲೆ ನಿಂತು ಕೈ ಬೀಸಿದರು. "ಇಷ್ಟು ದೊಡ್ಡದು ಯಾಕೆ ಅಂತ ಕೇಳೋ ಅವನನ್ನ. ನಾನು ಅರ್ಧದಲ್ಲೇ ತೂರ್ತೀನಿ." ಕೇಳಿದೆ. ನಿಮ್ಮಪ್ಪ ಹೊರಬರುವುದಷ್ಟೇ ಅಲ್ಲ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಅಗ್ನಿಶಾಮಕದವನು ಒಳಗೂ ಬರಬೇಕಲ್ಲ ಎಂದ. ಅಪ್ಪ ಮರುಮಾತಾಡಲಿಲ್ಲ. ಸಂಜೆಯವರೆಗೂ ಟೇಪು ಕೈಯಲ್ಲೇ ಇತ್ತು.

ಊರಿಗೆ ಮರಳಿದ ತಿಂಗಳಲ್ಲೇ ಫೋನ್ ಬಂತು. ವೆಲ್ಡಿಂಗಿನವನನ್ನು ಕರೆಸಿ ಮಲಗುವ ಕೋಣೆಯ ಕಿಟಕಿಯ ಸರಳು, ಗ್ರಿಲ್ಲು, ಜಾಲರಿ ಎಲ್ಲ ಕತ್ತರಿಸಿ, ಕೀಲು ಕೂರಿಸಿದ ಹೊಸ ಗ್ರಿಲ್ಲು ಹಾಕಿಸಿದ್ದಾರೆ, ಬಾಗಿಲಿನ ಹಾಗೆ ತೆರೆಯುತ್ತದೆ.

"ಅಳತೆ ಎಷ್ಟಪ್ಪಾ?"

"ಆರು ಚದರ ಅಡಿ. ನಿಮ್ಮ ಅಮೆರಿಕಕ್ಕಿಂತ ಮೇಲೆ."

"ಬೀಗ ಹಾಕಿಲ್ಲ ತಾನೆ?"

"ಹಾಕದೆ ಇರಕ್ಕಾಗುತ್ತೇನೋ? ಕಳ್ಳಕಾಕರು."

"ಬೀಗದ ಕೈ?"

"ನಿಮ್ಮಮ್ಮ ಬೀರುವಿನಲ್ಲಿ ಭದ್ರವಾಗಿಟ್ಟಿದ್ದಾಳೆ."

"ಬೀರುವಿನ ಬೀಗದ ಕೈ?"

ಫೋನಿನಾಚೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಪ್ಪ ಒಳಗೆ ತಿರುಗಿ ಕೂಗಿದ್ದು ಕೇಳಿಸಿತು: "ಲೇ, ಬೀರುವಿನ ಬೀಗದ ಕೈ ಎಲ್ಲಿಟ್ಟಿದ್ದೀಯೇ?"